ಪೋತನ್ ಜೋಸೆಫ್ (1892–1972)
ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದಿಂದ ಹೊರಟ ‘ಡೆಕ್ಕನ್ ಹೆರಾಲ್ಡ್’ನ ಮೊದಲ ಸಂಪಾದಕರು

ತಿರುವಾಂಕೂರಿನ ಚೆಂಗನ್ನೂರಿನಲ್ಲಿ ಜನಿಸಿದ ಪೋತನ್ ಜೋಸೆಫ್, ದೆಹಲಿಯಲ್ಲಿ ‘ಹಿಂದೂಸ್ತಾನ್ ಟೈಮ್ಸ್’ ಮತ್ತು ‘ಡಾನ್’ ಪತ್ರಿಕೆಗಳ ಸಂಪಾದಕರಾಗಿದ್ದವರು. ಉದ್ಯಮಿ ಕೆ.ಎನ್. ಗುರುಸ್ವಾಮಿ 1948ರ ಜೂನ್ 17ರಂದು ‘ಡೆಕ್ಕನ್ ಹೆರಾಲ್ಡ್’ ಆರಂಭಿಸಿದಾಗ ಜೋಸೆಫ್ ಅದರ ಸಾರಥ್ಯ ವಹಿಸಿದರು. ಪತ್ರಿಕೆಯ ನೆಲೆ ದಂಡು ಪ್ರದೇಶದ ಮಹಾತ್ಮ ಗಾಂಧಿ ರಸ್ತೆ, ಅಂದರೆ ಹಿಂದಿನ ಸೌತ್ ಪರೇಡ್.

ಜೋಸೆಫ್ ಅವರ ‘ಓವರ್ ಎ ಕಪ್ ಆಫ್ ಟೀ’ ಅಂಕಣ, ಅವರು ಪತ್ರಿಕೆ ಬದಲಿಸಿದಂತೆಲ್ಲ ಜೊತೆಗೇ ಸಾಗಿ ಬೆಂಗಳೂರಿಗೂ ಬಂತು. ಅಚ್ಚುಮೊಳೆ ಜೋಡಿಸುವವರು, ಕರಡು ತಿದ್ದುವವರು, ಯಂತ್ರ ನಡೆಸುವವರು ರಾತ್ರಿಯಿಡೀ ದುಡಿದು ಆ ಬರಹವನ್ನು ಓದುಗರಿಗೆ ತಲುಪಿಸಿದರು.

1948ರ ಅಕ್ಟೋಬರ್‌ನಲ್ಲಿ ಇದೇ ಸಂಸ್ಥೆಯಿಂದ ಕನ್ನಡದ ‘ಪ್ರಜಾವಾಣಿ’ ಹೊರಬಂತು. 1949ರಲ್ಲಿ ಬೆಂಗಳೂರಿನ ದಂಡು ಮತ್ತು ಹಳೆಯ ಊರಾದ ಪೇಟೆ ಒಂದೇ ನಗರಪಾಲಿಕೆಯಡಿ ಸೇರಿದವು. ಒಂದಾದ ಊರಿಗೆ ಎರಡು ಭಾಷೆಗಳಲ್ಲಿ ದನಿ ಕೊಟ್ಟ ಹಿರಿಮೆ ಈ ಮುದ್ರಣಾಲಯದ್ದು.