ನಜರ್‌ಬಾದಿನ ಕಲ್ಲು, ನೆರೆಹೊರೆಯ ಕಟ್ಟಳೆ

ಮೈಸೂರಿನ ನಜರ್‌ಬಾದ್ ಅರಸನೊಬ್ಬನ ಅಪ್ಪಣೆಯಿಂದ ಹುಟ್ಟಿದ ನೆಲೆ. ಟೀಪೂ ಸುಲ್ತಾನನು 1787ರ ಸುಮಾರಿಗೆ ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನು ಮಡಿದ ಮೇಲೆ ಅವೇ ಕಲ್ಲುಗಳು ಮರಳಿ ಮೈಸೂರು ಕೋಟೆಯನ್ನು ಸೇರಿದವು. ಇಲ್ಲಿ ಹೆಸರು ಮಾತ್ರ ಉಳಿಯಿತು. ಕೇವಲ ಅಪ್ಪಣೆಯ ಬಲದಿಂದ ನಿಂತದ್ದು ಅಪ್ಪಣೆಯೊಡನೆಯೇ ಅಳಿಯುತ್ತದೆ.

ಮುಂದೆ ಊರನ್ನು ತಿದ್ದಿದ್ದು ರೋಗಭಯ. 1890ರ ದಶಕದ ಕೊನೆಯಲ್ಲಿ ಬಂದ ಪ್ಲೇಗು ಇಕ್ಕಟ್ಟಾದ ಓಣಿಗಳ ಅಪಾಯವನ್ನು ತೋರಿತು. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಗೊಂಡು, ಅಗಲವಾದ ರಸ್ತೆ, ಚರಂಡಿಗಳುಳ್ಳ ಬಡಾವಣೆಗಳು ರೂಪುಗೊಂಡವು. ಮನೆಯ ಸುತ್ತ ತೆರಪು ಬಿಡಬೇಕೆಂಬ ನಿಯಮದ ತಿರುಳು ಇಷ್ಟೇ: ಒಬ್ಬನ ಗೋಡೆ ಇನ್ನೊಬ್ಬನ ಗಾಳಿ ಬೆಳಕುಗಳನ್ನು ಕಸಿಯಬಾರದು.

ಹಳ್ಳಿಯ ಕಟ್ಟಳೆ ಬರಹದಲ್ಲಿರಲಿಲ್ಲ, ಹಿರಿಯರ ಮಾತಿನಲ್ಲಿತ್ತು. ಕೆರೆ, ಗೋಮಾಳಗಳನ್ನು ಕಾಪಾಡಿದ್ದು ಆ ಮಾತೇ. ಕೇರಿಕೇರಿಗಳನ್ನು ಬೇರ್ಪಡಿಸಿದ್ದೂ ಆ ಮಾತೇ.

ಪಟ್ಟಣದ ವಸತಿ ಸಮುಚ್ಚಯಗಳಲ್ಲಿ ಮಾಲೀಕರ ಸಂಘಗಳು ಬೈಲಾ ಪ್ರಕಾರ ನಡೆಯಲು 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ದಾರಿಮಾಡಿತು. ಮನೆಗೆಲಸದವರು ಲಿಫ್ಟ್ ಹತ್ತಕೂಡದೆಂಬಂಥ ನಿಯಮ ಅಲ್ಲಿಯೂ ನುಸುಳಿದರೆ, ಹಳೆಯ ಕೇರಿಯ ಗೋಡೆಯೇ ಮಹಡಿಯೇರಿದಂತಾಗುವುದು. ನೆರೆಯವರ ಉಸಿರಿಗೆ ಎಡೆಗೊಡುವುದೇ ನಿಯಮದ ಧರ್ಮ, ಅವರನ್ನು ಹೊರಗಿಡುವುದಲ್ಲ.