ಸಿಯೆರಾ ಬೆಟ್ಟಗಳನ್ನು ಕೊರೆದವರು

ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಉರಿಯುತ್ತಿದ್ದ 1863ರ ಜನವರಿಯಲ್ಲಿ, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಪಟ್ಟಣದಲ್ಲಿ ಸೆಂಟ್ರಲ್ ಪೆಸಿಫಿಕ್ ರೈಲುಮಾರ್ಗಕ್ಕೆ ಮೊದಲ ಗುದ್ದಲಿ ಬಿದ್ದಿತು. ಪೂರ್ವದಿಂದ ಬರುವ ಯೂನಿಯನ್ ಪೆಸಿಫಿಕ್ ಹಳಿಯನ್ನು ಕೂಡಬೇಕಾದರೆ ಸಿಯೆರಾ ನೆವಾಡ ಪರ್ವತಗಳನ್ನು ದಾಟಲೇಬೇಕಿತ್ತು. ಸರ್ಕಾರದ ಬಾಂಡುಗಳ ಬೆಂಬಲವಿತ್ತು. ದುಡಿಯುವ ಕೈಗಳಿಗೆ ಬರ. ಕೂಲಿಗೆ ಬಂದ ಬಿಳಿಯರು ಬೆಳ್ಳಿಯ ಆಸೆಯಿಂದ ನೆವಾಡದ ಗಣಿಗಳತ್ತ ಕಾಲ್ತೆಗೆಯುತ್ತಿದ್ದರು.

1865ರಲ್ಲಿ ಕಾಮಗಾರಿಯ ಹೊಣೆ ಹೊತ್ತಿದ್ದ ಚಾರ್ಲ್ಸ್ ಕ್ರಾಕರ್, ಚೀನೀಯರನ್ನು ಸೇರಿಸಿಕೊಳ್ಳೋಣವೆಂದ. ಈ ಬಡಕಲು ಮೈಯವರಿಂದ ಬಂಡೆ ಒಡೆಸಲಾದೀತೇ ಎಂದು ಮೇಲ್ವಿಚಾರಕ ಸ್ಟ್ರೋಬ್ರಿಜ್ ಮೂಗು ಮುರಿದ. ಪರೀಕ್ಷೆಗೆಂದು ಐವತ್ತು ಜನರನ್ನು ತೆಗೆದುಕೊಂಡರು. ಆಮೇಲೆ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಿಂದ ಕಡಲು ದಾಟಿ ಬಂದವರು ಸಾವಿರಗಟ್ಟಲೆ ಸೇರಿದರು. ಕಂಪನಿಯ ಕೂಲಿಗಳಲ್ಲಿ ಬಹುಪಾಲು ಅವರೇ ಆದರು.

ಶಿಖರದ ಸುರಂಗಕ್ಕೆ 1,659 ಅಡಿ ಕಗ್ಗಲ್ಲನ್ನು ಕೊರೆಯಬೇಕಿತ್ತು. ಒಬ್ಬ ಉಕ್ಕಿನ ಉಳಿ ಹಿಡಿದು ತಿರುಗಿಸುವನು, ಇಬ್ಬರು ಸುತ್ತಿಗೆ ಬೀಸುವರು; ಕುಳಿ ಬಿದ್ದೊಡನೆ ಸಿಡಿಮದ್ದು ತುಂಬಿ ಬತ್ತಿಗೆ ಕಿಡಿ ಇಡುವರು. ಹಗಲಿರುಳು ದುಡಿದರೂ ಒಂದು ಮುಖದಲ್ಲಿ ದಿನಕ್ಕೆ ಅಡಿಯಷ್ಟು ಸಾಗಿದರೆ ಹೆಚ್ಚು. ಗುಂಪಿಗೊಬ್ಬ ಅಡುಗೆಯವನು, ಅನ್ನ, ಒಣಮೀನು. ಅಡ್ಡೆಯಲ್ಲಿ ಹೊತ್ತು ತಂದ ಪೀಪಾಯಿಯ ಚಹಾ. 1866ರ ಚಳಿಗಾಲದಲ್ಲಿ ಹಿಮ ಬಿಡಾರಗಳನ್ನೇ ಹೂತಾಗ, ಹಿಮದಡಿ ತೋಡಿದ ಓಣಿಗಳಲ್ಲಿ ಕೆಲಸಕ್ಕೆ ಹೋಗಿಬಂದರು. ಹಿಮ ಕುಸಿದು ಸತ್ತವರ ಹೆಣಗಳು ಅದು ಕರಗಿದ ಮೇಲಷ್ಟೇ ಸಿಕ್ಕವು.

1867ರ ಜೂನ್‌ನಲ್ಲಿ ಸಾವಿರಾರು ಮಂದಿ ಒಟ್ಟಾಗಿ ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 40 ಡಾಲರ್, ಸುರಂಗದೊಳಗೆ ಎಂಟು ಗಂಟೆಯ ದುಡಿಮೆ. ಬಿಳಿಯರಿಗೆ ಊಟ ಕಂಪನಿಯದು, ಇವರಿಗೆ ಸ್ವಂತ ಖರ್ಚಿನದು. ಕ್ರಾಕರ್ ದಿನಸಿ ಬರುವುದನ್ನೇ ತಡೆದ. ಸುಮಾರು ಒಂದು ವಾರದಲ್ಲಿ ಹಸಿವು ಗೆದ್ದಿತು.

1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಎರಡೂ ಹಳಿಗಳು ಕೂಡಿದವು. ಸೆಂಟ್ರಲ್ ಪೆಸಿಫಿಕ್‌ನ ಅಧ್ಯಕ್ಷ ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್ ಚಿನ್ನದ ಮೊಳೆ ಇಟ್ಟ. ಬೆಟ್ಟ ಕೊರೆದವರ ಹೆಸರುಗಳು ಕಂಪನಿಯ ಸಂಬಳದ ಪುಸ್ತಕದಲ್ಲೂ ಪೂರ್ತಿಯಾಗಿಲ್ಲ. ಹೆಚ್ಚಾಗಿ ಗುಂಪಿನ ಮೇಸ್ತ್ರಿಯ ಹೆಸರಷ್ಟೇ ಉಳಿದಿದೆ.

ಮುಂದಿನ ದಶಕದಲ್ಲಿ ವ್ಯಾಪಾರ ಕುಸಿದು ಕೆಲಸ ಸಿಗದಾದಾಗ, ಕೆಲಸ ಕಸಿದವರು ಚೀನೀಯರೇ ಎಂಬ ಕೂಗೆದ್ದಿತು. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಸಹಿ ಹಾಕಿದ ಕಾನೂನು, ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನೇ ನಿಷೇಧಿಸಿತು. ಕೂಲಿಗೆ ಕರೆದ ನಾಡು ಬಾಳಲು ಬಂದವರಿಗೆ ಕದವಿಕ್ಕಿತು. ಅದು ತೆರೆದದ್ದು 1943ರಲ್ಲಿ, ಜಪಾನಿನ ವಿರುದ್ಧದ ಯುದ್ಧದಲ್ಲಿ ಚೀನಾದ ಸ್ನೇಹ ಬೇಕಾದಾಗ. ಅದೂ ವರ್ಷಕ್ಕೆ 105 ಜನರ ಮಟ್ಟಿಗೆ.