ಯಕೃತ್ತಿನ ಸಿರೋಸಿಸ್: ಚಿಹ್ನೆಗಳು ಮತ್ತು ಲಕ್ಷಣಗಳು

ಸಿರೋಸಿಸ್ ಎಂಬುದು ದೀರ್ಘಕಾಲದ ಹಾನಿಯಿಂದ ಯಕೃತ್ತಿನ (ಪಿತ್ತಜನಕಾಂಗದ) ಜೀವಕೋಶಗಳು ನಾಶವಾಗಿ, ಅಲ್ಲಿ ನಾರಿನಂತಹ ಗಾಯದ ಕಲೆಯೂ ಗಂಟುಗಳೂ ಬೆಳೆಯುವ ಸ್ಥಿತಿ. ಅತಿಯಾದ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ಸೋಂಕು, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವುದು ಇದರ ಮುಖ್ಯ ಕಾರಣಗಳು. ಹಾಗಾಗಿ ಮದ್ಯವನ್ನು ಮುಟ್ಟದವರಿಗೂ ಇದು ಬರಬಹುದು. 1819ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಈ ಹೆಸರನ್ನು ರೂಪಿಸಿದನು.

ಆರಂಭದ ಹಂತ

ಅಳಿದುಳಿದ ಭಾಗದಿಂದಲೇ ಯಕೃತ್ತು ತನ್ನ ಕೆಲಸವನ್ನು ನಿಭಾಯಿಸಬಲ್ಲುದಾದ್ದರಿಂದ ರೋಗವು ಹಲವು ವರ್ಷ ಮರೆಯಲ್ಲೇ ಇರುತ್ತದೆ. ಆಯಾಸ, ಹಸಿವು ಕುಂದುವುದು, ವಾಕರಿಕೆ ಮುಂತಾದವು ಕಂಡರೂ ದುಡಿಮೆಯ ದಣಿವೆಂದು ಉಪೇಕ್ಷಿಸುವವರೇ ಹೆಚ್ಚು. ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಸಹಜ ಮಟ್ಟದಲ್ಲಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ದೇಹದ ಮೇಲಿನ ಚಿಹ್ನೆಗಳು

ಅಂಗೈ ಕೆಂಪಾಗುವುದು, ಎದೆ ಹಾಗೂ ಭುಜಗಳ ಮೇಲೆ ಜೇಡದ ಕಾಲುಗಳಂತೆ ಹರಡಿದ ಸಣ್ಣ ರಕ್ತನಾಳಗಳು, ಗಂಡಸರಲ್ಲಿ ಸ್ತನ ಬೆಳೆಯುವುದು ಕಾಣಬಹುದು. ಈಸ್ಟ್ರೋಜನ್ ಹಾರ್ಮೋನನ್ನು ವಿಸರ್ಜಿಸುವಲ್ಲಿ ಯಕೃತ್ತು ಸೋಲುವುದೇ ಇವಕ್ಕೆ ಕಾರಣವೆನ್ನಲಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಮೊದಲೆರಡನ್ನು ಗುರುತಿಸುವುದು ಕಷ್ಟ. ಚರ್ಮದ ತುರಿಕೆ, ಸಣ್ಣ ಪೆಟ್ಟಿಗೂ ಮೈ ಕಂದುವುದು ಇನ್ನೆರಡು ಸೂಚನೆಗಳು.

ರೋಗ ಮುಂದುವರಿದಾಗ ಪಾದಗಳು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬುತ್ತದೆ (ಜಲೋದರ). ತೋಳು ತೊಡೆಗಳು ಸೊರಗಿ ಹೊಟ್ಟೆ ಮಾತ್ರ ಉಬ್ಬುವುದರಿಂದ, ತೂಕ ಹೆಚ್ಚಿತೆಂದು ಮನೆಯವರು ತಪ್ಪು ತಿಳಿಯುವುದುಂಟು. ಕಣ್ಣಿನ ಬಿಳಿಭಾಗ ಹಳದಿಯಾಗಿ ಮೂತ್ರದ ಬಣ್ಣ ಗಾಢವಾಗುವುದು ಕಾಮಾಲೆಯ ಲಕ್ಷಣ. ಹೆಪಟೈಟಿಸ್ ಎ ಸೋಂಕಿನ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದರಿಂದ ನಾಟಿ ಮದ್ದಿಗೆ ಅದರ ಕೀರ್ತಿ ಸಲ್ಲುತ್ತದೆ. ಅದೇ ಭರವಸೆಯಿಂದ ಸಿರೋಸಿಸ್ ರೋಗಿಯನ್ನು ಮನೆಯಲ್ಲಿರಿಸಿಕೊಂಡರೆ ಚಿಕಿತ್ಸೆಯ ಕಾಲ ಮೀರಬಹುದು.

ತುರ್ತು ಲಕ್ಷಣಗಳು

ಕರುಳಿನಿಂದ ಬರುವ ರಕ್ತಕ್ಕೆ ಗಟ್ಟಿಯಾದ ಯಕೃತ್ತು ತಡೆಯೊಡ್ಡುವುದರಿಂದ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ರಕ್ತವಾಂತಿಯಾಗುತ್ತದೆ, ಇಲ್ಲವೆ ಮಲವು ಡಾಂಬರಿನಂತೆ ಕಪ್ಪಾಗುತ್ತದೆ. ಅಮೋನಿಯಾ ಮುಂತಾದ ವಿಷಪದಾರ್ಥಗಳು ಮಿದುಳನ್ನು ತಲುಪಿದಾಗ ಹಗಲು ನಿದ್ದೆ, ಇರುಳು ಎಚ್ಚರ, ಮರೆವು, ಸಿಡುಕು, ತೊದಲು ಮಾತು ತೋರುತ್ತವೆ. ಚಾಚಿದ ಅಂಗೈಗಳು ರೆಕ್ಕೆ ಬಡಿದಂತೆ ಅದುರುತ್ತವೆ. ಇದನ್ನು ಕುಡಿತದ ಅಮಲೆಂದೋ ಮುಪ್ಪಿನ ಅರಳುಮರುಳೆಂದೋ ಭಾವಿಸುವುದು ಅಪಾಯಕರ. ಮಲಬದ್ಧತೆ, ಸೋಂಕು, ನಿದ್ರೆಮಾತ್ರೆಗಳು ಈ ಸ್ಥಿತಿಯನ್ನು ಕೆರಳಿಸುತ್ತವೆ. ಜಲೋದರವಿದ್ದವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೆ ಆ ನೀರಿಗೆ ಸೋಂಕು ತಗುಲಿರುವ ಸಂಭವವಿದೆ. ಇವುಗಳಲ್ಲಿ ಯಾವುದು ಕಂಡರೂ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ರೋಗನಿರ್ಣಯ

ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಹಾಗೂ ಯಕೃತ್ತಿನ ಗಡಸುತನವನ್ನು ಅಳೆಯುವ ಸ್ಕ್ಯಾನ್‌ನಿಂದ ರೋಗವನ್ನು ಗುರುತಿಸುತ್ತಾರೆ. ಅನ್ನನಾಳದ ರಕ್ತನಾಳಗಳನ್ನು ನೋಡಲು ಎಂಡೋಸ್ಕೋಪಿ ಬೇಕಾಗುತ್ತದೆ.